ಭಾಗ್ಯ ಕೇಳಿದ ಟೇಬಲ್ ಸರ್ವಿಸ್

ಕೊರೊನಾ ಕಾಲ ಕಳೆದು ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳು ಮತ್ತೆ ತುಂಬತೊಡಗಿದ್ದ ದಿನಗಳಲ್ಲಿ ನಾನು ದೇವನಹಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಾಲೇಜಿನ ಉಪನ್ಯಾಸಕಿ ಹುದ್ದೆಯಿಂದ ನಿವೃತ್ತಳಾದ ಮೇಲೆ ಹಿಡಿದ ಕೆಲಸವದು. ವ್ಯಾಕರಣಕ್ಕೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಊಟಕ್ಕೆ ಕೂತವರನ್ನು ಏನೆಂದು ಕೇಳಬೇಕು, ಫೋರ್ಕು ಚಾಕು ಎಲ್ಲಿಡಬೇಕು, ತಟ್ಟೆಯನ್ನು ಯಾವಾಗ ತೆಗೆಯಬೇಕು, ತಾವೇ ಅಂಗಡಿಗೆ ಹೋದರೆ ಬಣ್ಣ ಅಳತೆ ಹೇಗೆ ವಿಚಾರಿಸಬೇಕು, ಇಷ್ಟನ್ನು ಅಳುಕಿಲ್ಲದೆ ಆಡುವಂತೆ ಮಾಡುವುದು ನನ್ನ ಹೊಣೆ. ಕೋರ್ಸ್ ಮುಗಿಸಿದವರನ್ನು ಹೋಟೆಲಿನವರು ‘ಟ್ರಯಲ್’ಗೆ ಕರೆಯುತ್ತಿದ್ದರು. ಅಂದರೆ, ಒಂದು ಮಧ್ಯಾಹ್ನ ನಿಜವಾದ ಅತಿಥಿಗಳಿಗೇ ಬಡಿಸಿ ತೋರಿಸಬೇಕು.

ಒಂದು ತಂಡದಲ್ಲಿ ದೊಡ್ಡಬೆಳವಂಗಲದ ಭಾಗ್ಯ ಇದ್ದಳು. ರೈತರ ಮನೆಯ ಸೊಸೆ, ಒಂದು ಮಗುವಿನ ತಾಯಿ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಬಿಟ್ಟು ಬಂದಿದ್ದಳು. ಅತ್ತೆಗೆ ಇದು ಸರಿಬಂದಿರಲಿಲ್ಲ. “ಈ ಸಲ ಕೆಲ್ಸ ಸಿಗ್ದಿದ್ರೆ ತಿರುಗಾ ಮಿಷನ್ ಮುಂದೇನೇ ಕೂತ್ಕೋಬೇಕು ಅಂದವ್ರೆ ಮೇಡಂ” ಎಂದು ಮೊದಲ ದಿನವೇ ಹೇಳಿದ್ದಳು.

ಬೆಳಿಗ್ಗೆ ಏನು ತಿಂದಿರಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಪಾಠ ಬಂತು. ಪುಸ್ತಕದಲ್ಲಿದ್ದಂತೆ ಎಲ್ಲರೂ ಬ್ರೆಡ್, ಬೆಣ್ಣೆ, ಜಾಮ್ ಎಂದರು. ಭಾಗ್ಯಳೂ ಹಾಗೇ ಅಂದಳು. ಯಾವ ಹಣ್ಣಿನ ಜಾಮ್ ಎಂದು ಕೇಳಿದೆ. ಅವಳು ಕನ್ನಡಕ್ಕೆ ತಿರುಗಿದಳು.

“ನಮ್ಮನೇಲಿ ಜಾಮ್ ತರಲ್ಲ ಮೇಡಂ. ಮುದ್ದೆ ಉಂಡ್ಕೊಂಡು ಬಂದಿದೀನಿ. ಹಂಗಂದ್ರೆ ನಗ್ತಾರಲ್ವಾ?”

“ನಗೋರಿಗೆ ಮುದ್ದೆ ಉಣ್ಣೋದು ಹೇಗೆ ಅಂತ ಹೇಳಿಕೊಡು” ಎಂದೆ.

ಎದ್ದು ಬೋರ್ಡಿನ ಮುಂದೆ ನಿಂತಳು. ಸಣ್ಣದಾಗಿ ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು, ಅಗಿಯದೆ ನುಂಗಬೇಕು. ಒಂದೊಂದಕ್ಕೂ ಇಂಗ್ಲಿಷ್ ಪದ ಹುಡುಕುತ್ತ ತರಗತಿಯೇ ಎಚ್ಚರಗೊಂಡಿತು. ಸಾರಿಗೆ ‘ಕರಿ’ ಎನ್ನಬಹುದೆಂದು ಯಾರೋ ಸೂಚಿಸಿದರೆ ಭಾಗ್ಯ ಒಪ್ಪಲಿಲ್ಲ. “ಕರಿ ಗಟ್ಟಿಯಾಗಿರ್ತದೆ, ಇದು ತೆಳ್ಳಗೆ. ಸಾರು ಸಾರೇ.” ಅಂದಿನಿಂದ ನಮ್ಮ ಪಾಠಕ್ಕೆ ಅವರವರ ಮನೆಯ ಊಟವೇ ಸಾಮಗ್ರಿಯಾಯಿತು. ಸಂತೆಯ ದಿನ ಎಲ್ಲರನ್ನೂ ಕರೆದೊಯ್ದು, ಕೊಂಡ ಸೊಪ್ಪು ತರಕಾರಿಯ ಬಗ್ಗೆ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದೆ. ಸೊಪ್ಪಿನ ಅಜ್ಜಿಯೊಬ್ಬರು “ಏನ್ರವ್ವಾ, ಯಾವೂರೋರು ನೀವು?” ಎಂದು ಕೇಳಿದ್ದುಂಟು.

ಟ್ರಯಲ್‌ನ ದಿನ ನಾನು ಹೋಟೆಲಿನ ಮ್ಯಾನೇಜರ್ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಭಾಗ್ಯಳ ಪಾಲಿನ ಮೇಜಿನಲ್ಲಿ ಹೊರದೇಶದ ವಯಸ್ಸಾದ ಮಹಿಳೆಯೊಬ್ಬರಿದ್ದರು. ಸೂಪು, ಅನ್ನ, ಮೀನು ಎಲ್ಲವನ್ನೂ ಅವಳು ತಪ್ಪಿಲ್ಲದೆ ಬಡಿಸಿದಳು. ಆಕೆ ಮೆನುವಿನಲ್ಲಿದ್ದ ಮುದ್ದೆ-ಸಾರನ್ನೂ ಕುತೂಹಲದಿಂದ ಕೇಳಿದರು. ಚಾಕುವಿನಿಂದ ಕತ್ತರಿಸಿ, ಫೋರ್ಕಿನಲ್ಲಿ ಚುಚ್ಚಿ, ಬಾಯಿಗಿಟ್ಟು ಅಗಿಯತೊಡಗಿದರು. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು. ಆಕೆ ನಾಚಿ, ನ್ಯಾಪ್ಕಿನ್ನಿನಿಂದ ಬಾಯಿ ಮುಚ್ಚಿಕೊಂಡರು.

ಅತಿಥಿ ಉಣ್ಣುವ ರೀತಿಯನ್ನು ತಿದ್ದಬಾರದು ಎಂಬುದು ಈ ವೃತ್ತಿಯ ಮೊದಲ ನಿಯಮಗಳಲ್ಲೊಂದು. ಭಾಗ್ಯ ನೀರಿನ ಜಗ್ಗನ್ನು ಕೆಳಗಿಟ್ಟು, ಆಕೆ ನೀರು ಕುಡಿದು ಸುಧಾರಿಸಿಕೊಳ್ಳುವವರೆಗೆ ಕಾದಳು. ಆಮೇಲೆ ಬಗ್ಗಿ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದಳು. ಅಗಿಯಬೇಕಾಗಿಲ್ಲ ಮೇಡಂ, ತೋರಿಸಲೇ ಎಂದು ಕೇಳಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವಳು ತಟ್ಟೆ ಮುಟ್ಟಲಿಲ್ಲ. ಬರಿಗೈಯಲ್ಲೇ ಮುರಿದು, ಉಂಡೆ ಮಾಡಿ, ಅದ್ದುವುದನ್ನು ಅಭಿನಯಿಸಿದಳು. ಆಕೆ ಫೋರ್ಕ್ ಕೆಳಗಿಟ್ಟು ಕೈ ಹಾಕಿದರು, ನುಂಗಿದರು. ಮುದ್ದೆಗೆ ತನ್ನದೇ ರುಚಿ ಇಲ್ಲವಲ್ಲ ಎಂದರು.

“ಎಸ್ ಮೇಡಂ. ಟೇಸ್ಟ್ ಈಸ್ ಇನ್ ಸಾರು.”

ಆಕೆ ಜೋರಾಗಿ ನಕ್ಕು, ಇನ್ನಷ್ಟು ಸಾರು ಹಾಕಿಸಿಕೊಂಡರು.

ಊಟದ ಹೊತ್ತು ಮುಗಿದ ಮೇಲೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು. ಖುಷಿಯಲ್ಲಿದ್ದರು. ಹಳ್ಳಿಯೂಟದ ‘ಲೈವ್ ಕೌಂಟರ್’ ಒಂದನ್ನು ತೆರೆಯುವ ಯೋಚನೆಯಿದೆ, ಅತಿಥಿಗಳ ಎದುರಿಗೇ ಅಡುಗೆ ಮಾಡಿ ಕೊಡುವ ಕಟ್ಟೆ ಅದು ಎಂದರು. “ನೀನು ಹಳ್ಳಿ ಸೀರೆ ಉಟ್ಟು ಅಲ್ಲಿ ನಿಂತು ಮುದ್ದೆ ವಿಷಯ ಹೇಳಿದ್ರೆ ಸಾಕು. ನಾಳೆಯಿಂದಲೇ ಬಾ.”

ನನಗೆ ನಿರಾಳವಾಯಿತು. ಒಪ್ಪಿಕೊ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಭಾಗ್ಯ ನನ್ನತ್ತ ನೋಡಲಿಲ್ಲ.

“ಸರ್, ಐ ಅಪ್ಲೈಡ್ ಫಾರ್ ಟೇಬಲ್ ಸರ್ವಿಸ್.”

“ಅದಕ್ಕಿಂತ ಇದು ಸುಲಭದ ಕೆಲಸಮ್ಮ. ಯೋಚನೆ ಮಾಡು.”

“ಮುದ್ದೆ ವಿಷ್ಯ ಯಾರ್ ಕೇಳಿದ್ರೂ ಹೇಳ್ತೀನಿ ಸಾರ್” ಎಂದಳು ಕನ್ನಡದಲ್ಲೇ. “ಅದೊಂದನ್ನೇ ಹೇಳ್ಕೊಂಡು ನಿಂತ್ಕೊಳಕ್ಕೆ ನಾನು ಕಲ್ತಿಲ್ಲ. ಮೀನೂ ಬಡಿಸ್ದೆ, ಸೂಪೂ ಬಡಿಸ್ದೆ. ನೀವೇ ನೋಡಿದ್ರಲ್ಲ.”

ನನಗೆ ಅವಳ ಅತ್ತೆಯ ಷರತ್ತು ನೆನಪಾಯಿತು. ಮ್ಯಾನೇಜರ್ ನಮಗೆ ಹೊರಗೆ ಕಾಯಲು ಹೇಳಿದರು. ಕಾರಿಡಾರಿನಲ್ಲಿ “ಜಾಸ್ತಿ ಮಾತಾಡಿಬಿಟ್ನಾ ಮೇಡಂ?” ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಬಾಗಿಲಿಗೆ ಬಂದು, ಯೂನಿಫಾರ್ಮಿನ ಅಳತೆ ಕೊಟ್ಟು ಹೋಗುವಂತೆ ತಿಳಿಸಿದರು. ಟೇಬಲ್ ಸರ್ವಿಸ್‌ನವರ ಯೂನಿಫಾರ್ಮ್.

ಇಂದು ಭಾಗ್ಯ ಅಲ್ಲೇ ಕ್ಯಾಪ್ಟನ್. ಅಂದರೆ, ಒಂದು ಸಾಲಿನ ಮೇಜುಗಳೆಲ್ಲ ಅವಳ ಉಸ್ತುವಾರಿ. ಹೊಸಬರನ್ನು ತಯಾರು ಮಾಡುವವಳೂ ಅವಳೇ.

ಆಮೇಲಿನ ತಂಡಗಳಿಗೆ ‘ಪ್ಲೀಸ್’, ‘ಥ್ಯಾಂಕ್ಯೂ’ಗಳ ಜೊತೆಗೇ ನಾನು ಇನ್ನೊಂದು ಪಾಠ ಸೇರಿಸಿದೆ: ಕೊಡುತ್ತಿರುವುದು ತಾನು ಕೇಳಿದ್ದಲ್ಲವಾದರೆ ಅದನ್ನು ಮರ್ಯಾದೆಯಿಂದ ಹೇಳುವುದು. ಅಂಗಡಿಯಲ್ಲಿ ಗಿರಾಕಿಯಾಗಿ ನಿಂತಾಗ ಆ ಮಾತು ಎಲ್ಲರಿಗೂ ಬೇಗ ಬರುತ್ತದೆ. ಕೆಲಸ ಕೊಡುವವರ ಮುಂದೆಯೂ ಬಂದಾಗಲೇ ಭಾಷೆ ಕೈವಶವಾಯಿತೆಂದು ನಾನು ಪೂರ್ತಿ ಅಂಕ ಕೊಡುತ್ತೇನೆ.