ದುಂಡವ್ವ ಹಾಕದ ಮುಳುಗು

ಚಿಕ್ಕೋಡಿಯ ಟ್ರ್ಯಾಕ್ಟರ್ ಶೋರೂಮಿನ ಮಾಲೀಕ ಸಂಗ್ರಾಮ, ಕಬ್ಬೂರಿನ ದುಂಡವ್ವನಿಗೆ ಒಂದು ತಿಂಗಳ ಪಗಾರವನ್ನೂ ಹಡಗಿನ ಮೇಲೆ ಹಗಲು ರಾತ್ರಿ ದುಡಿದ ಕೂಲಿಯನ್ನೂ ಇನ್ನೂ ಕೊಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಸಮುದ್ರ ಬರುತ್ತದೆ, ದ್ವೀಪ ಬರುತ್ತದೆ, ದೀಪ ಹಚ್ಚಿದ ಹಡಗು ಬರುತ್ತದೆ. ಆ ಗದ್ದಲದಲ್ಲಿ ಈ ಬಾಕಿ ಮರೆತುಹೋಗಬಾರದು.

ದುಂಡವ್ವ ಕುರಿ ಕಾಯುವ ಮನೆಯವಳು. ಮಳೆ ನಿಂತ ಮೇಲೆ ಗಂಡ ಮಲಕಾರಿ ಕುರಿ ಹೊಡೆದುಕೊಂಡು ರಾಯಬಾಗ, ಅಥಣಿ ಸೀಮೆಯ ಹೊಲಗಳಿಗೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ಬರುವುದಿಲ್ಲ. ಹಿಂಡು ಸಣ್ಣದಾಗುತ್ತ ಬಂದಾಗ ದುಂಡವ್ವ ಚಿಕ್ಕೋಡಿಯ ಬಸ್ಸು ಹಿಡಿದಳು. ಸಂಗ್ರಾಮನ ತಾಯಿಗೆ ಲಕವಾ ಹೊಡೆದು ಎಡಗೈ, ಎಡಗಾಲು ಬಿದ್ದಿದ್ದವು. ಮನೆಯವರೆಲ್ಲ ಆ ಮುದುಕಿಯನ್ನು ಆಯಿ ಎನ್ನುತ್ತಾರೆ. ಅವಳನ್ನು ತೊಳೆಯುವುದು, ಒರೆಸುವುದು, ಉಣಿಸುವುದು, ಎಣ್ಣೆ ತಿಕ್ಕುವುದು ದುಂಡವ್ವನ ಕೆಲಸ. ಗುದ್ದಾಡುವ ಟಗರುಗಳನ್ನು ಕೊಂಬು ಹಿಡಿದು ಬಿಡಿಸಿದ ಕೈ ಅದು. ಆಯಿಯನ್ನು ಒಬ್ಬಳೇ ಎತ್ತಿ ಕುರ್ಚಿಗೆ ಕೂಡಿಸುತ್ತಿದ್ದಳು. ಆಯಿ ಮರಾಠಿಯಲ್ಲಿ ಬೈದರೆ ದುಂಡವ್ವ ಕನ್ನಡದಲ್ಲಿ ವಾಪಸು ಕೊಡುತ್ತಿದ್ದಳು. ಇಬ್ಬರಿಗೂ ಅದು ಹೊಂದಿತ್ತು.

ಅವಳನ್ನು ದೇವಿ ಮಾಡಿ ಬರೆಯಲು ನಾನು ಕೂತಿಲ್ಲ. ದುಂಡವ್ವನಿಗೆ ಬಡಾಯಿ ಇತ್ತು. ಶೋರೂಮಿನವರ ಮನೆಯ ಫ್ರಿಜ್ಜಿನ ಬಗ್ಗೆ ಕಬ್ಬೂರಿನಲ್ಲಿ ಹೇಳುವಾಗ ಅದನ್ನು ತಾನೇ ಹೊತ್ತು ತಂದವಳ ಹಾಗೆ ಹೇಳುತ್ತಿದ್ದಳು. ನಮ್ಮ ಮನೆಗೆಲಸದವರ ಸಂಘಕ್ಕೆ ವಂತಿಗೆ ಕೊಡಲು ಬಂದ ದಿನ ಅವಳು ನನಗೆ ಅಂದ ಮಾತು ಇದು: “ನಮ್ಮ ಸಾವ್ಕಾರ್ರು ಬ್ಯಾರೇದವರಂಗ ಅಲ್ರಿ. ನನಗ ನಿಮ್ಮ ಸಂಘ ಬೇಕಾಗೂದಿಲ್ಲ. ಇರ್ಲಿ ಅಂತ ಕೊಡಾಕತ್ತೇನಿ.”

ಕಳೆದ ಚಳಿಗಾಲದಲ್ಲಿ ಸಂಗ್ರಾಮ ಮನೆಯವರನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯಲು ನಿಶ್ಚಯಿಸಿದ. ಮುಂಬೈಯಲ್ಲಿ ಹತ್ತಿ ಗೋವಾ, ಕೊಚ್ಚಿ, ಲಕ್ಷದ್ವೀಪ ನೋಡಿ ಮುಂಬೈಗೆ ಮರಳುವುದು. ಹಡಗು ದಂಡೆಗೆ ನಿಂತಲ್ಲೆಲ್ಲ ಇಳಿದು ಊರು ತಿರುಗಿ ಸಂಜೆಗೆ ಮತ್ತೆ ಹತ್ತುವುದು. ಸಾಯುವ ಮುಂಚೆ ತಾನೂ ಸಮುದ್ರ ನೋಡಬೇಕೆಂದು ಆಯಿ ಹಟ ಹಿಡಿದಳು. ಸಂಗ್ರಾಮನ ಹೆಂಡತಿ ಉಜ್ವಲಾ ದುಂಡವ್ವನನ್ನು ಕರೆದಳು.

“ನೀನೂ ಬಾ ದುಂಡವ್ವ. ಆಯೀ ಜೋಡಿ ಇರಬೇಕು.”

“ರಾತ್ರಿನೂ ಏನ್ರಿ?”

“ರಾತ್ರಿನೂ,” ಎಂದ ಸಂಗ್ರಾಮ. “ದುಪ್ಪಟ್ಟು ಪಗಾರ ಕೊಡತೇವಿ. ಮ್ಯಾಲೆ ಹಡಗಿನ ಊಟ. ನಿಮ್ಮೂರಾಗ ಅಂಥಾದ್ದು ಯಾರ ಉಂಡಾರ ಹೇಳ.”

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಪಂಢರಪುರಕ್ಕೋ ಕೃಷ್ಣೆಯ ದಂಡೆಯ ಕ್ಷೇತ್ರಕ್ಕೋ ಒಬ್ಬಳು ಹೊರಟರೆ, ಹೋಗಲಾರದವರು ಬಂದು ಅವಳ ಉಡಿ ತುಂಬುತ್ತಾರೆ. ‘ನನ್ನ ಹೆಸರಲೆ ಒಂದ ಮುಳುಗು ಹಾಕು’ ಎನ್ನುತ್ತಾರೆ. ಹೋದವಳು ನೀರಿಗಿಳಿದು ಒಬ್ಬೊಬ್ಬರ ಹೆಸರು ಹೇಳಿ ಮುಳುಗುತ್ತಾಳೆ. ಆ ಮುಳುಗು ಅವಳದಲ್ಲ, ಹೆಸರು ಕೊಟ್ಟವಳದು. ಇನ್ನೂ ಒಂದು ಕಟ್ಟುಪಾಡಿದೆ. ಹೋದವಳು ದಾರಿಯ ಕಷ್ಟ ಹೇಳಬಾರದು. ಹಸಿದೆ, ಕಾಲು ಒಡೆಯಿತು ಎಂದರೆ ಉಡಿ ತುಂಬಿದವರ ಪುಣ್ಯ ಕಡಿಮೆಯಾಗುತ್ತದಂತೆ. ಕೇಳಿದರೆ ‘ಚಲೋ ಆತು’ ಎನ್ನಬೇಕು, ಅಷ್ಟೆ.

ಕುಣಿಯಲು ದೊಡ್ಡ ಹಾಲ್, ಈಜಲು ಕೊಳ ಇರುವ ಹಡಗಿಗೂ ಕಬ್ಬೂರಿನ ಹೆಂಗಸರು ಅದೇ ಪದ್ಧತಿ ಹಚ್ಚಿದರು. ದುಂಡವ್ವ ಹೊರಡುವ ಹಿಂದಿನ ದಿನ ಓಣಿಯ ದರ್ಜಿ ರಜಿಯಾಳ ಮಷಿನ್ನಿನ ಮುಂದೆ ಎಲ್ಲರೂ ಸೇರಿದರು. ಅವರೆಲ್ಲರ ಸಾಲದ ಸಂಘ ಒಂದೇ, ಅದರ ವಾಟ್ಸಾಪ್ ಗುಂಪೂ ಒಂದೇ, ಎರಡಕ್ಕೂ ರಜಿಯಾಳೇ ಮುಂದಾಳು.

“ನಂದೂ ಒಂದ ಮುಳುಗು ಹಾಕಿ ಬಾ,” ಎಂದಳು ರಜಿಯಾ.

“ನಿಮ್ಮಾಗ ಇದು ಇಲ್ಲಲಾ ಬೇ?”

“ನಮ್ಮಾಗ ಇಲ್ಲ. ನಿಮ್ಮ ಹಡಗಿನ್ಯಾಗ ಐತೇನ? ಹಾಕ ಸುಮ್ನ.”

ಎಲ್ಲರೂ ನಕ್ಕರು. ತುಳಸವ್ವ ನಗಲಿಲ್ಲ. ಅವಳ ಮಗಳು ರಾಜೇಶ್ವರಿಯನ್ನು ಉಗಾರ ಖುರ್ದಕ್ಕೆ ಕೊಟ್ಟಿದ್ದರು. ಹೆರಿಗೆಯಲ್ಲಿ ಸತ್ತಾಗ ಗಂಡನ ಮನೆಯವರು ತಾಯಿ ಬರುವ ತನಕ ಕಾಯದೆ ಎಲ್ಲ ಮುಗಿಸಿ ಕೈ ತೊಳೆದುಕೊಂಡರು. ತುಳಸವ್ವ ಮುಟ್ಟುವ ಹೊತ್ತಿಗೆ ಉಳಿದದ್ದು ನೆಲ ಸಾರಿಸಿದ ಹಸಿ ಮಾತ್ರ. ಅವಳು ದುಂಡವ್ವನ ಉಡಿಗೆ ಅಕ್ಕಿ ಹಾಕಿ, “ನಂದು ಬ್ಯಾಡ. ಆಕೀದು ಹಾಕು,” ಎಂದಳು.

ಹಡಗು ದಂಡೆ ಹಿಡಿದಾಗಲೆಲ್ಲ ಗುಂಪಿಗೆ ದುಂಡವ್ವನ ಧ್ವನಿ ಬಂತು. ಜೋಡಿಗೆ ಚಿತ್ರಗಳು.

ಗೋವಾದಿಂದ: “ಏ ಅವ್ವಗೋಳ್ರಾ, ಇಳದೇವಿ ನೋಡ್ರಿ. ಉಸುಕು ನಮ್ಮ ಹೊಳೀದರಂಗ ಅಲ್ಲ, ಗೋದಿ ರವಾ ಇದ್ದಂಗ ಐತಿ. ರಜಿಯಾ, ನಿಂದು ಹಾಕೀನಿ ಬೇ. ಬಾಯಾಗ ನೀರ ಹೊಕ್ಕು ಉಪ್ಪಂದ್ರ ಉಪ್ಪು.”

ಕೊಚ್ಚಿಯಿಂದ: “ಇಲ್ಲಿ ಮೀನ ಹಿಡಿಯೂ ಬಲಿ ಗಳಕ್ಕ ಕಟ್ಟ್ಯಾರ. ಏತ ಇದ್ದಂಗ ಏರತಾವ, ಇಳೀತಾವ. ನಾನೂ ಒಂದ ಜಗ್ಗಿನಿ.”

ದ್ವೀಪದಿಂದ: “ತುಳಸವ್ವ, ರಾಜೇಶ್ವರಿ ಹೆಸರಲೆ ಇಲ್ಲಿ ಮುಳುಗೀನಿ. ನೀರು ಕಾಜಿನಂಗ ಐತಿ, ನಿಂತರ ಕಾಲ ಕಾಣತಾವ. ಆಕೀಗಿ ಮುಟ್ಟಿರತೈತಿ. ನೀ ಇನ್ನ ಅಳಬ್ಯಾಡ.”

ರಜಿಯಾ ಮಷಿನ್ ನಿಲ್ಲಿಸಿ, ಬಂದವರಿಗೆಲ್ಲ ಇದನ್ನು ಕೇಳಿಸಿದಳು. ಉಜ್ವಲಾಳ ಬ್ಲೌಸು ಹೊಲಿಯುವವಳೂ ಅವಳೇ. ‘ನಮ್ಮ ದುಂಡವ್ವನ್ನ ಎಷ್ಟ ಚಲೋ ನೋಡಿಕೊಳ್ಳಾಕತ್ತೀರಿ’ ಎಂದು ಅಭಿಮಾನದಿಂದ ಉಜ್ವಲಾಳಿಗೂ ಕಳಿಸಿದಳು. ಅಥಣಿ ಕಡೆಯ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಮಲಕಾರಿ, ಹೊಲದವನ ಫೋನಿನಲ್ಲಿ ಹೆಂಡತಿಯ ಧ್ವನಿ ಕೇಳಿ, “ನಮ್ಮಾಕಿ ಸಮುದ್ರದಾಗ ಅದಾಳ್ರಿ,” ಎಂದು ಆ ಹೊಲದವನಿಗೇ ಹೇಳಿದನಂತೆ.

ಅದರಲ್ಲಿ ಒಂದೂ ನಿಜವಿರಲಿಲ್ಲ.

ದುಂಡವ್ವನಿಗೂ ಆಯಿಗೂ ಸಿಕ್ಕಿದ್ದು ಹಡಗಿನ ಹೊಟ್ಟೆಯೊಳಗಿನ ಕಿಟಕಿಯಿಲ್ಲದ ಕೋಣೆ. ಹಡಗಿನ ಮುಂದೆ ಸಮುದ್ರ ಹೇಗೆ ಕಾಣುತ್ತದೆಂದು ಅಲ್ಲಿನ ಟೀವಿಯಲ್ಲಿ ತೋರಿಸುತ್ತಿದ್ದರು. ಆಯಿಗೆ ಮೊದಲ ದಿನದಿಂದಲೇ ವಾಂತಿ. ದುಂಡವ್ವ ಅದನ್ನು ಬಳಿದು ತೆಗೆದಳು, ಹಾಸಿಗೆ ಬದಲಿಸಿದಳು, ಹಡಗು ಹೊರಳಿದಾಗೆಲ್ಲ ಆಯಿ ಬೀಳದಂತೆ ಅವಳ ಕಾಲು ಹಿಡಿದು ಕೂತಳು. ಹಡಗು ನಿಂತಲ್ಲಿ ಸಂಗ್ರಾಮ, ಉಜ್ವಲಾ, ಮಕ್ಕಳು ಇಳಿದುಹೋಗುತ್ತಿದ್ದರು. ಗಾಲಿಕುರ್ಚಿ ಇಳಿಸುವುದು ತ್ರಾಸು ಎಂದು ಗೋವಾದಲ್ಲೂ ಕೊಚ್ಚಿಯಲ್ಲೂ ಅಂದರು. ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು, ಅಲ್ಲಂತೂ ಮಾತೇ ಇಲ್ಲ. ಇಳಿಯಲು ಹತ್ತಲು ಬೇಕಾದ ದುಂಡವ್ವನ ಕಾರ್ಡು, ಕಳೆದೀತೆಂದು, ಉಜ್ವಲಾಳ ಪರ್ಸಿನಲ್ಲಿತ್ತು.

ಅವರು ಹೋದ ಮೇಲೆ ದುಂಡವ್ವ ಆಯಿಯನ್ನು ಹಡಗಿನ ಮೇಲಿನ ಬಯಲು ಅಟ್ಟಕ್ಕೆ, ಡೆಕ್ಕಿಗೆ, ತಳ್ಳಿಕೊಂಡು ಬರುತ್ತಿದ್ದಳು. ಅಲ್ಲಿ ಫೋನಿಗೆ ಸಿಗ್ನಲ್ಲು. ‘ಆಯಿಗೆ ತೋರಿಸು’ ಎಂದು ಉಜ್ವಲಾ ದಂಡೆಯಿಂದ ಚಿತ್ರ ಕಳಿಸುತ್ತಿದ್ದಳು. ದುಂಡವ್ವ ಆಯಿಗೆ ತೋರಿಸಿ, ಆಮೇಲೆ ಅವನ್ನೇ ಊರಿಗೆ ಕಳಿಸಿ, ಚಿತ್ರ ನೋಡುತ್ತ ಮಾತಾಡುತ್ತಿದ್ದಳು. ರವೆಯಂಥ ಉಸುಕೂ ಏತದಂಥ ಬಲೆಯೂ ಅಲ್ಲಿಂದಲೇ ಬಂದವು. ನೀರು ಏಳೆಂಟು ಅಂತಸ್ತು ಕೆಳಗಿತ್ತು. ಒಂದು ಚಿತ್ರದಲ್ಲೂ ದುಂಡವ್ವ ಇಲ್ಲ ಎಂಬುದು ಕಬ್ಬೂರಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಕಡೆಯ ದಿನ ಅವಳು ಒಂದು ಖಾಲಿ ಬಾಟಲಿಗೆ ಕೋಣೆಯ ನಳದ ನೀರು ತುಂಬಿ, ಊಟದ ಮೇಜಿನ ಉಪ್ಪಿನ ಪೊಟ್ಟಣಗಳನ್ನು ಹರಿದು ಅದರೊಳಗೆ ಸುರಿದು ಅಲುಗಾಡಿಸಿದಳು. ಊರಿಗೆ ಬಂದು ತುಳಸವ್ವನ ಕೈಗೆ ಕೊಟ್ಟಳು. ತುಳಸವ್ವ ಅದನ್ನು ಮಗಳ ಫೋಟೋದ ಮುಂದಿಟ್ಟು, ಮನೆಗೆಲ್ಲ ಚಿಮುಕಿಸಿ, ಐದು ಜನ ಮುತ್ತೈದೆಯರಿಗೆ ಹೋಳಿಗೆ ಉಣಿಸಿದಳು. ದುಂಡವ್ವ ಆ ಪಂಕ್ತಿಯಲ್ಲಿ ಕೂತು ಉಂಡಳು.

ತಿಂಗಳು ತುಂಬಿದಾಗ ಪಗಾರ ಕೇಳಿದಳು. ಸಂಗ್ರಾಮ ನಕ್ಕ. “ನಿನ್ನ ಟಿಕೀಟಿಗೆ ಎಷ್ಟ ಬಿದ್ದೈತಿ ಗೊತ್ತೇನ? ನಾನ ನಿನಗ ಕೇಳಬೇಕು.” ಹಡಗಿನ ಕೂಲಿಯ ಜೊತೆಗೆ ಆ ತಿಂಗಳ ಪಗಾರವನ್ನೂ ಟಿಕೀಟಿಗೆ ಮುರಿದುಕೊಂಡ. ಎರಡನೆಯ ಸಲ ಕೇಳಿದ್ದಕ್ಕೆ ನಾಳೆಯಿಂದ ಬರಬೇಡ ಎಂದ. ಆಗ ಅವಳಿಗೆ ಸಂಘ ಬೇಕಾಯಿತು.

ಕಾರ್ಮಿಕ ಅಧಿಕಾರಿಯ ಮುಂದೆ ಅರ್ಜಿ ಬಿತ್ತು. ವಿಚಾರಣೆಯ ದಿನ ದುಂಡವ್ವನ ಬೆನ್ನಿಗೆ ರಜಿಯಾ, ತುಳಸವ್ವ ಬಂದು ಕೂತರು. ಅಧಿಕಾರಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಕೆಲಸಕ್ಕೆ ಕರೆದೊಯ್ದಿರೋ, ಪ್ರವಾಸಕ್ಕೋ? ಸಂಗ್ರಾಮ ಫೋನು ತೆಗೆದ. ಕೋಣೆಯಲ್ಲಿ ದುಂಡವ್ವನ ಧ್ವನಿ ಎದ್ದಿತು. ಗೋವಾ, ಕೊಚ್ಚಿ, ಕಡೆಗೆ ದ್ವೀಪ. ‘ರಾಜೇಶ್ವರಿ ಹೆಸರಲೆ ಇಲ್ಲಿ ಮುಳುಗೀನಿ.’

“ಸಾಹೇಬ್ರ, ಇದು ಕೆಲಸಾ ಏನ್ರಿ? ನನ್ನ ಮಕ್ಕಳಕಿಂತ ಹೆಚ್ಚ ತಿರಗ್ಯಾಳ,” ಎಂದ ಸಂಗ್ರಾಮ.

ಹಿಂದಿನಿಂದ ತುಳಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ಕೇಳದಿದ್ದರೂ ಹೇಳಿದಳು: “ಹೌದ್ರಿ. ಮುಳುಗ್ಯಾಳ್ರಿ. ನೀರೂ ತಂದ ಕೊಟ್ಟಾಳ್ರಿ.”

ಅಧಿಕಾರಿ ದುಂಡವ್ವನ ಕಡೆ ತಿರುಗಿದ. “ಇಳದಿರೋ, ಇಲ್ಲೋ?”

ದುಂಡವ್ವ ನೆಲ ನೋಡಿದಳು. ವಿಚಾರಣೆ ಮುಂದಿನ ತಾರೀಖಿಗೆ ಹೋಯಿತು.

ಹೊರಗೆ ಬಂದು ಅವಳನ್ನು ಬದಿಗೆ ಕರೆದು ಕೇಳಿದೆ. ಮೇಲೆ ನಾನು ಬರೆದದ್ದನ್ನೆಲ್ಲ ಆಗ ಹೇಳಿದಳು. “ಇದನ್ನ ಒಳಗ ಹೇಳದಿದ್ದರ ಪಗಾರ ಹೋದಂಗ,” ಎಂದೆ.

“ಹೇಳಿದರ ತುಳಸವ್ವ ಹೋಗತಾಳ್ರಿ,” ಎಂದಳು.

ಎರಡರಲ್ಲಿ ಒಂದು ಹೋಗಲೇಬೇಕಿತ್ತು. ನಾನು ಬುದ್ಧಿ ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಕಬ್ಬೂರಿನ ಬಸ್ಸಿಗೆ ಕಾಯುತ್ತ ನಾವು ನಾಲ್ವರೂ ಕಟ್ಟೆಯ ಮೇಲೆ ಕೂತಿದ್ದೆವು. ರಜಿಯಾ ಶೇಂಗಾ ಸುಲಿದು ಹಂಚುತ್ತಿದ್ದಳು.

“ನಾ ಇಳದಿಲ್ಲ,” ಎಂದಳು ದುಂಡವ್ವ.

“ಎಲ್ಲಿ?” ಎಂದಳು ರಜಿಯಾ.

“ಎಲ್ಲೂ ಇಳದಿಲ್ಲ ಬೇ. ಆಯೀ ಜೋಡಿ ಮ್ಯಾಲ ಕುಂತಿದ್ನಿ. ನೀರ ಮುಟ್ಟೇ ಇಲ್ಲ.”

ರಜಿಯಾ ಚೇಷ್ಟೆಯೆಂದುಕೊಂಡು ನಕ್ಕಳು. ಆಮೇಲೆ ದುಂಡವ್ವನ ಮುಖ ನೋಡಿ, “ಹೋಗ್ಲಿ ಬಿಡ. ನಾ ಬಕೀಟನ್ಯಾಗ ಮುಳುಗತೇನಿ,” ಎಂದಳು.

“ಬಾಟಲ್ಯಾನ ನೀರ?” ತುಳಸವ್ವ ಕೇಳಿದಳು.

“ನಳದ್ದು. ಉಪ್ಪ ಹಾಕೀನಿ.”

“ಯಾಕ?”

“ನೀ ದಾರಿ ಕಾಯಾಕತ್ತಿದ್ದಿ. ಬರೇ ಕೈಲೆ ಹ್ಯಾಂಗ ಬರ್ಲಿ.”

ತುಳಸವ್ವ ಕೈಯಲ್ಲಿದ್ದ ಶೇಂಗಾ ಕಟ್ಟೆಯ ಮೇಲಿಟ್ಟಳು. ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಡ್ರೈವರನ ಹಿಂದೆ ಕೂತಳು. ದುಂಡವ್ವ ಹಿಂದೆ ಕೂತಳು. ಕಬ್ಬೂರು ಮುಟ್ಟುವ ತನಕ ತುಳಸವ್ವ ತಿರುಗಿ ನೋಡಲಿಲ್ಲವಂತೆ.

ಮುಂದಿನ ವಿಚಾರಣೆಯಲ್ಲಿ ದುಂಡವ್ವ ಎಲ್ಲ ಹೇಳಿದಳು. ಸಂಗ್ರಾಮ ಕೈ ಚೆಲ್ಲಿದ. “ಅವತ್ತ ಸುಳ್ಳೋ, ಇವತ್ತ ಸುಳ್ಳೋ? ಪಗಾರದ ಸಲುವಾಗಿ ಏನ್ ಬೇಕಾದ್ದು ಹೇಳತಾಳ್ರಿ.” ಆಯಿಯನ್ನೇ ಕೇಳಿ ಎಂದೆವು. ಆಯಿಗೆ ನೆನಪು ನಿಲ್ಲುವುದಿಲ್ಲ ಎಂದ. ದುಂಡವ್ವನನ್ನು ದಿನಾ ಹೆಸರು ಹಿಡಿದು ಬೈಯುವಷ್ಟು ನೆನಪಿದ್ದ ಮುದುಕಿ, ಸಾಕ್ಷಿಯ ಹೊತ್ತಿಗೆ ಎಲ್ಲ ಮರೆತವಳಾದಳು.

ಅಷ್ಟರಲ್ಲಿ ಬಾಗಿಲಲ್ಲಿ ತುಳಸವ್ವ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಬಂದವಳೇ ಅರ್ಧ ಖಾಲಿಯಾದ ಬಾಟಲಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು.

“ಇದು ಸಮುದ್ರದ್ದಲ್ರಿ. ನಳದ್ದು.”

“ಹೋದ ಸಲ ಮುಳುಗ್ಯಾಳ ಅಂದಿರಿ,” ಎಂದ ಅಧಿಕಾರಿ.

“ಅಂದಿದ್ನಿ. ನನಗ ಮೋಸ ಮಾಡ್ಯಾಳ್ರಿ. ಅದನ್ನ ನಾ ಊರಾಗ ಕೇಳತೇನಿ, ನಾನೂ ಆಕೀನೂ ನೋಡಿಕೊಳ್ಳತೇವಿ. ಪಗಾರ ಇವರ ಕೊಡಬೇಕು. ಎರಡೂ ಬ್ಯಾರೆ ಬ್ಯಾರೆ.” ಆಮೇಲೆ ಸಂಗ್ರಾಮನ ಕಡೆ ತಿರುಗಿದಳು. “ಆಕಿ ಸುಳ್ಳ ಹೇಳ್ಯಾಳಂತ ಹೇಳಾಕ ನನಕಿಂತ ಚಲೋ ಸಾಕ್ಷಿ ಯಾರ ಅದಾರ್ರಿ, ಸಾವ್ಕಾರ್ರ?”

ಪ್ರವಾಸದ ಚಿತ್ರಗಳನ್ನೂ, ಯಾರು ಯಾವಾಗ ಇಳಿದರೆಂಬ ಹಡಗಿನವರ ದಾಖಲೆಯನ್ನೂ ತರಿಸಿ ಎಂದು ಅಧಿಕಾರಿ ಸಂಗ್ರಾಮನಿಗೆ ಹೇಳಿದ. ತರಿಸುತ್ತೇನೆ ಎಂದ. ಮಳೆಗಾಲ ಬಂದು ಹೋಯಿತು, ಇನ್ನೂ ತರಿಸುತ್ತಿದ್ದಾನೆ.

ದುಂಡವ್ವ ಈಗ ನಿಪ್ಪಾಣಿಯ ಒಂದು ಮನೆಯಲ್ಲಿ ಬಾಣಂತಿಗೂ ಕೂಸಿಗೂ ಎರೆಯುವ ಕೆಲಸಕ್ಕೆ ಹೋಗುತ್ತಾಳೆ. ಬಡಾಯಿ ನಿಂತಿದೆ. ಆ ಮನೆಯಲ್ಲಿ ಏನಿದೆ ಏನಿಲ್ಲ ಎಂದು ಕಬ್ಬೂರಿನಲ್ಲಿ ಹೇಳುವುದಿಲ್ಲ, ಹೇಳಿದರೂ ಈಗ ಕೇಳುವವರು ಕಡಿಮೆ. ತುಳಸವ್ವ ಪ್ರತಿ ವಿಚಾರಣೆಗೂ ಬರುತ್ತಾಳೆ, ಸಾಕ್ಷಿಗೆ ಸಿದ್ಧವಾಗಿ ಕೂಡುತ್ತಾಳೆ. ಇಬ್ಬರೂ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಾರೆ. ಮಾತಿಲ್ಲ. ಒಮ್ಮೆ ನಾನು ನಡುವೆ ಕೂತು ಮಾತಾಡಿಸಲು ನೋಡಿದೆ. “ನೀವು ಪಗಾರದ್ದು ನೋಡ್ರಿ,” ಎಂದು ತುಳಸವ್ವ ಬಾಯಿ ಮುಚ್ಚಿಸಿದಳು.

ಪಗಾರದ್ದೇ ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆದೆ. ಆ ಹಡಗಿನಲ್ಲಿ ನೂರಾರು ಜನ ಇದ್ದರು. ಅಟ್ಟದ ಮೇಲೆ ನಿಂತು ಬೆನ್ನ ಹಿಂದೆ ದಂಡೆ ಬರುವಂತೆ ಚಿತ್ರ ತೆಗೆದುಕೊಂಡು ಊರಿಗೆಲ್ಲ ಹಂಚಿದವರು ಇದ್ದರು. ಅವರಲ್ಲಿ ನೀವೂ ಒಬ್ಬರಾಗಿದ್ದರೆ ಫೋನು ತೆರೆಯಿರಿ. ಹಡಗು ನಿಂತು ಜನ ಇಳಿಯುತ್ತಿದ್ದ ಹೊತ್ತಿನಲ್ಲಿ, ಬಿಸಿಲಿನಲ್ಲಿ, ಗಾಲಿಕುರ್ಚಿಯ ಹಿಂದೆ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬಳು ನಿಮ್ಮ ಹೆಗಲಿನ ಆಚೆ ಕಾಣುತ್ತಾಳೇನು ನೋಡಿ. ಕಂಡರೆ ಆ ಚಿತ್ರ ತಂದು ಕೊಡಿ. ನೀವು ಆ ಹಡಗು ಹತ್ತಿಯೇ ಇಲ್ಲ ಎನ್ನುತ್ತೀರಾ? ಹಾಗಾದರೆ ನಿಮ್ಮದೇ ಪ್ರವಾಸದ ಚಿತ್ರ ತೆಗೆಯಿರಿ. ನಿಮ್ಮ ಕೂಸು ಎತ್ತಲು, ನಿಮ್ಮ ತಾಯಿಯನ್ನು ತೊಳೆಯಲು ಕರೆದೊಯ್ದವಳು ಅದರಲ್ಲಿ ಎಲ್ಲಿದ್ದಾಳೆ ಹುಡುಕಿ. ಇಲ್ಲದಿದ್ದರೆ ಅವಳು ಆ ಹೊತ್ತು ಕೆಲಸದಲ್ಲಿದ್ದಳು. ಅವಳ ಕೂಲಿ ಕೊಡಿ, ಅವಳು ಬಂದು ಕೇಳುವ ಮುಂಚೆ ಕೊಡಿ.