ಗೂಡಿನೊಳಗಿನ ಜೋಡಿ ಡಿಸ್ಕು

ಅತ್ತೆಯ ದನಿಯನ್ನು ನಾನೇ ಕೊಂದೆನೇ? ನಿನ್ನೆ ಮಧ್ಯಾಹ್ನದಿಂದ ಇದೊಂದೇ ತಲೆಯಲ್ಲಿ. ಮಗುವಿಗೆ ಗಂಜಿ ತಿನ್ನಿಸುವಾಗಲೂ ಕಣ್ಣು ಗೋಡೆಯ ಗೂಡಿಗೇ ಹೋಗುತ್ತದೆ.

ಮಾವ ವೀರಪ್ಪನವರು ತಾಂಡೂರಿನಲ್ಲಿ ಮೂವತ್ತು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಅತ್ತೆ ಶಕುಂತಲಾಬಾಯಿ ತೀರಿಕೊಂಡ ಮೇಲೆ, ಅವರ ಜೋಗುಳಗಳನ್ನು ಎಲ್ಲರ ಫೋನುಗಳಿಂದ ಆಯ್ದು ಹಳೆಯ ಕಂಪ್ಯೂಟರಿಗೆ ತುಂಬಿ ಗೂಡಿನಲ್ಲಿಟ್ಟರು. ಒಳಗೆ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ.

"ಒಂದು ತಂತಿ ಹರದ್ರ ಇನ್ನೊಂದು ಮಾತಾಡ್ತದವ್ವಾ," ಎಂದಿದ್ದರು ಮಾವ.

ಮೆಮೊರಿ ಸಾಲದಾದಾಗ ಯಂತ್ರ ಬಳಸುವ ಸ್ವಾಪ್ ಜಾಗ ಮಾತ್ರ ಒಂದೇ ಡಿಸ್ಕಿನಲ್ಲಿತ್ತು. "ಅದು ಕಚ್ಚಾ ಕಾಗದ ಇದ್ದಂಗ, ಅದಕ್ಯಾಕ ಜೋಡಿ?" ಎಂದಿದ್ದರು.

ಮಹಾನವಮಿಯ ಪೂಜೆಗೆ ಎರಡೂ ಡಿಸ್ಕಿಗೆ ಹಸಿ ವಿಭೂತಿ ಬಳಿದರು. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದರೆ, ಅವುಗಳ ಮೇಲೆ ಅಂಟಿಸಿದ್ದ ಚೀಟಿಯ ನಂಬರೂ ಅಳಿಸಿಹೋಯಿತು. ಕಳೆದ ವಾರ ಒಂದು ಡಿಸ್ಕ್ ಕೆಡುತ್ತಿದೆಯೆಂದು ಪರದೆ ನಂಬರು ತೋರಿಸಿತು. ಆ ನಂಬರು ಯಾವುದರದು? ಹೊಸದನ್ನು ತರಲು ಮಾವ ಜಹೀರಾಬಾದಿಗೆ ಹೋದರು. ಅಲ್ಲಿಂದ ನಾರಾಯಣಖೇಡಕ್ಕೆ, ಮಗಳ ಮನೆಗೆ.

ಹೊರಡುವಾಗ ನನಗೆ ಹೇಳಿದ್ದರು: "ನಾ ಬರೋತನ ಬಂದ್ ಮಾಡಬ್ಯಾಡ, ಮತ್ತ ಏಳ್ತದೋ ಇಲ್ಲೋ, ಹೈದರಾಬಾದಿನ ಶಾಣ್ಯಾಕಿ! ಕೆಟ್ಟದ್ದು ಅಂತ ಒಳ್ಳೇದನ್ನ ತಗದ್ರ ಆಕಿ ಧ್ವನಿ ಹೋತು, ನೋಡು."

ನಿನ್ನೆ ಮಗುವನ್ನು ಮಲಗಿಸಲು ಜೋಗುಳ ಹಚ್ಚಿದೆ. ನಡುವೆ ಪರದೆ ಕಲ್ಲಾಯಿತು. ಸ್ಪೀಕರಿನಿಂದ ಅತ್ತೆಯ ಒಂದು ತುಣುಕು ಮಾತ್ರ, ಉಸಿರೂ ಎಳೆಯದೆ: "ಬಾ ಕೂಸ… ಬಾ ಕೂಸ… ಬಾ ಕೂಸ…"

ಸ್ವಾಪ್ ಇದ್ದ ಡಿಸ್ಕೇ ಕೈಕೊಟ್ಟು ಯಂತ್ರ ಅಲ್ಲೇ ಸಿಕ್ಕಿಕೊಂಡಿತ್ತೆಂದು ಈಗ ತರ್ಕಿಸಬಲ್ಲೆ. ಆಗ ತರ್ಕವೆಲ್ಲಿ? ಮಗು ಅಂಬೆಗಾಲಿಡುತ್ತ ಗೂಡಿನತ್ತ ಹೊರಟಿತ್ತು. ಅದನ್ನು ಎಳೆದುಕೊಂಡು, ತೆರೆದ ಯಂತ್ರದೊಳಗೆ ಕೈ ಚಾಚಿದೆ. ಮೇಲಿನ ಡಿಸ್ಕ್ ನವಿರಾಗಿ ಸುತ್ತುತ್ತಿತ್ತು. ಕೆಳಗಿನದು ಟಕ್ ಟಕ್ ಎಂದು ಒಳಗಿನಿಂದ ಯಾರೋ ಬಡಿದಂತೆ ಬೆರಳಿಗೆ ಬಡಿಯಿತು. ಪ್ಲಗ್ ಕಿತ್ತೆ. "ಬಾ" ಎಂಬಲ್ಲಿ ನಿಂತಿತು.

ಇಂದು ಸಂಜೆ ಮಾವ ಬರುತ್ತಾರೆ. ಕೆಟ್ಟದ್ದು ಯಾವುದೆಂದು ನನ್ನ ಬೆರಳಿಗೆ ಮಾತ್ರ ಗೊತ್ತು. ಅದನ್ನು ಹೇಳಿದರೆ ಬಂದ್ ಮಾಡಿದ್ದನ್ನೂ ಹೇಳಬೇಕು. ಮೂರು ಸಲ ಫೋನ್ ಎತ್ತಿ ಇಟ್ಟೆ. ನಾಲ್ಕನೆಯ ಸಲ ಹಚ್ಚಿದೆ.

"ಮಾವಾರ, ಕೆಟ್ಟದ್ದು ಕೆಳಗಿಂದ್ರಿ. ನಾ… ಬಂದ್ ಮಾಡೀನ್ರಿ. ಅತ್ತಿಯವರು ಒಂದೇ ಮಾತು ಅನಕೋತ ಕೂತಿದ್ರು."

ಆ ಕಡೆ ಬಸ್ಸಿನ ಸದ್ದು. ಅದರ ಮೇಲೆ ದನಿ ಎತ್ತಿ ಮಾವ ಕೇಳಿದರು: "ಕೂಸು ಅಂಜಿತೇನವ್ವಾ?"

"ಇಲ್ರಿ. ಎತ್ಕೋ ಅಂತ ಎರಡೂ ಕೈ ಮ್ಯಾಲ ಮಾಡಿತ್ರಿ. ಗೂಡಿನ ಕಡಿ."