ಸಮುದ್ರದ ಜ್ವರ ನೋಡುತ್ತಿದ್ದ ಭಾವ

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದರು, "ನಮ್ಮ ಅಳಿಯಂದಿರು ಹಡಗಿನಲ್ಲಿ ಸಮುದ್ರಕ್ಕೆ ಜ್ವರ ಬಂದಿದೆಯಾ ಅಂತ ನೋಡ್ತಾರೆ." ಹೊಸ ಸೊಸೆ ಅಂತ ಆಟ ಆಡಿಸ್ತಿದ್ದಾರೆ ಅಂದುಕೊಂಡೆ. ಮಾತು ನಿಜವೇ ಆಗಿತ್ತು. ನನ್ನವರ ಅಕ್ಕನ ಗಂಡ, ಅಂದರೆ ನನ್ನ ಭಾವ, ದೂರದ ಮಹಾಸಾಗರದಲ್ಲಿ ಕ್ಯಾನ್ವಾಸ್ ಬಕೆಟ್ ಇಳಿಬಿಟ್ಟು ನೀರು ಸೇದಿ, ಗಾಳಿಗೆ ಅದು ಆರುವ ಮೊದಲೇ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಬೀದಿಯವರಿಗೆಲ್ಲ ಅವರು ಬಕೆಟ್ ಭಾವ.

ಹಡಗಿನ ಕೆಲಸ ಬಿಟ್ಟ ಮೇಲೆ ಹೆಂಡತಿಯ, ಅಂದರೆ ನನ್ನ ಅತ್ತಿಗೆಯ, ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತರು. ನಮ್ಮದು ಪಕ್ಕದ ಮನೆ. ಹೋದಾಗೆಲ್ಲ ಹೇಳೋರು, "ಆ ಸಮುದ್ರ ಕೆಲವು ವರ್ಷಕ್ಕೊಮ್ಮೆ ಕಾಯುತ್ತೆ, ಆಮೇಲೆ ತಣ್ಣಗಾಗುತ್ತೆ. ಕಾದಾಗ ಮೋಡವೆಲ್ಲ ಅತ್ತ ವಾಲುತ್ತೆ, ನಮಗೆ ಮಳೆ ಕಮ್ಮಿ. ತಣ್ಣಗಾದರೆ ಜಾಸ್ತಿ."

ಅತ್ತಿಗೆ ಬೆಳಿಗ್ಗೆ ಎದ್ದು ಕೇಳುವ ಮೊದಲ ಮಾತು, "ಏನ್ರೀ, ಇವತ್ತು ಬಟ್ಟೆ ಹೊರಗೆ ಹಾಕಲಾ?" ಭಾವ ತಾರಸಿಗೆ ಹೋಗಿ ಬಂದು, ಡಾಕ್ಟರ ಹಾಗೆ ಗಂಟಲು ಸರಿಮಾಡಿಕೊಂಡು ಹೇಳೋರು. ಇಬ್ಬರಿಗೂ ಬೇರೆ ಸರಸ ಗೊತ್ತಿರಲಿಲ್ಲ.

ಒಂದು ವರ್ಷ ಆ ಸಮುದ್ರ ಕಾದಿದೆ ಅಂತ ರೇಡಿಯೋದಲ್ಲಿ ಬಂತು. "ಈ ಸಲ ಮಳೆ ಹೆಸರಿಗೆ ಮಾತ್ರ. ಆಸ್ಪತ್ರೆಯ ಕೆಲಸ ಧೈರ್ಯವಾಗಿ ಒಪ್ಪಿಕೋ" ಅಂದರು ಭಾವ. ಅತ್ತಿಗೆ ಆಸ್ಪತ್ರೆಯ ಚಾದರಗಳನ್ನೆಲ್ಲ ಒಗೆಯಲು ಒಪ್ಪಿಕೊಂಡರು. ಮಳೆ ಬಿಟ್ಟೂಬಿಡದೆ ಹೊಯ್ಯಿತು. ಮಂಚ, ಬಾಗಿಲು, ಕಿಟಕಿ, ಎಲ್ಲಿ ನೋಡಿದರೂ ಒದ್ದೆ ಚಾದರ. ಮನೆಯೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಮುಗ್ಗಲು ವಾಸನೆ ಅಂತ ಆಸ್ಪತ್ರೆಯವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು.

"ನಿಮ್ಮ ಸಮುದ್ರಕ್ಕೂ ಸುಳ್ಳು ಹೇಳೋಕೆ ಬರುತ್ತೆ" ಅಂದರು ಅತ್ತಿಗೆ, ಚಾದರದ ಆಚೆಯಿಂದ.

"ಸುಳ್ಳಲ್ಲ ಕಣೆ. ನಮ್ಮ ಹತ್ತಿರದ ಸಮುದ್ರದ್ದೂ ಒಂದು ಮಗ್ಗುಲು ಕಾದಿತ್ತು, ಅದು ಮೋಡವನ್ನ ಇತ್ತ ಎಳೀತು. ನಾನು ಬಕೆಟ್ ಇಳಿಸಿದ ಸಮುದ್ರವೊಂದನ್ನೇ ನಂಬಿ ಕೂತೆ."

ಅತ್ತಿಗೆ ಜಗಳ ಆಡಲಿಲ್ಲ. ಊಟಕ್ಕೆ ಕರೆದರು, ಅಂಗಿಯ ಗುಂಡಿ ಹೊಲಿದುಕೊಟ್ಟರು. ಬೆಳಗಿನ ಆ ಮಾತು ಮಾತ್ರ ನಿಂತುಹೋಯಿತು. ಹಾಲಿನವನನ್ನ ಕೇಳೋರು, ನನ್ನನ್ನ ಕೇಳೋರು. ಭಾವ ದಿನಾ ತಾರಸಿಗೆ ಹೋಗಿ ಬಂದು, ಗಂಟಲು ಸರಿಮಾಡಿಕೊಂಡು, ಸುಮ್ಮನೆ ಇಸ್ತ್ರಿ ಪೆಟ್ಟಿಗೆ ಹಿಡಿಯೋರು.

ವರ್ಷಗಳು ಕಳೆದು ಭಾವ ಹಾಸಿಗೆ ಹಿಡಿದರು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿ ಮೈ ಒರೆಸುತ್ತಿದ್ದುದು ಅತ್ತಿಗೆಯೇ. ಒಂದು ಬೆಳಿಗ್ಗೆ ನಾನು ಹೋದಾಗ ಭಾವ ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿಕೊಂಡಿದ್ದರು, ಆಕಾಶ ಕಾಣಲಿ ಅಂತ. ಹಿತ್ತಲಲ್ಲಿ ಅತ್ತಿಗೆ ಬಟ್ಟೆ ಹಿಂಡುವ ಸದ್ದು. ಭಾವ ನನ್ನನ್ನು ಹತ್ತಿರ ಕರೆದರು.

"ತಂಗಿ, ಅವಳ ಕಿವಿಗೆ ಒಂದು ಮಾತು ಹಾಕು. ಬಟ್ಟೆ ಹೊರಗೆ ಹಾಕಲಾ ಅಂತ ಇವತ್ತು ನನ್ನನ್ನ ಕೇಳಲಿ. ನಾನು ಹೇಳಿ ಕಳಿಸಿದೆ ಅನ್ನಬೇಡ."